ಕಳೆಯದೆ ಬರೆದ ತೂಕ

ಮಹದೇವಯ್ಯನವರು ನನಗೆ ಹೇಳಿದ್ದರು. ಹೇಳಲಿಲ್ಲ ಎಂದು ಸುಳ್ಳಾಡಿದವಳು ನಾನು. ಹದಿಮೂರು ವರ್ಷ ಈ ಎರಡು ವಾಕ್ಯಗಳನ್ನು ನುಂಗಿಕೊಂಡಿದ್ದೆ — ಇಂದು ಮೊದಲು ಅವನ್ನೇ ಬರೆದುಬಿಡುತ್ತೇನೆ. ಆಮೇಲೆ ಕೈ ಹಿಂಜರಿದರೂ ಅವು ಕಾಗದದ ಮೇಲೆ ಇರುತ್ತವಲ್ಲ.

ನಂಜನಗೂಡಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ವಾರ್ಡ್ ಸಿಸ್ಟರ್ ಆಗಿದ್ದೆ. ಮೈಸೂರಿನ ಕಾನ್ವೆಂಟಿನಲ್ಲಿ ಓದಿದವಳು. ಇಂಗ್ಲಿಷ್, ದುಂಡನೆಯ ಅಕ್ಷರ, ಇಸ್ತ್ರಿ ಮಾಡಿದ ಯೂನಿಫಾರ್ಮ್ — ಎಲ್ಲದರಲ್ಲೂ ಪರ್ಫೆಕ್ಟ್ ಎಂಬ ಹೆಸರು. ಮಹದೇವಯ್ಯ ನಮ್ಮ ವಾರ್ಡಿನ ಅಟೆಂಡರ್. ಅದಕ್ಕೂ ಮೊದಲು ಟಿ. ನರಸೀಪುರದ ರೈಸ್ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದವರು. ಏಳಲಾಗದ ರೋಗಿಗಳನ್ನು ಅವರು ಎತ್ತಿ ಕೂರಿಸುತ್ತಿದ್ದ ರೀತಿ... ಮೈ ಮುಟ್ಟಿದರೆ ಕೂಗುವವರೂ ಅವರ ಕೈಯಲ್ಲಿ ಸುಮ್ಮನಿರುತ್ತಿದ್ದರು.

ಆ ವರ್ಷ ನಮ್ಮಲ್ಲಿಗೆ ಪೇಷೆಂಟ್ ಹಾಯ್ಸ್ಟ್ ಬಂತು. ಚಕ್ರಗಳ ಮೇಲೆ ನಿಂತ ಕಬ್ಬಿಣದ ತೋಳು. ರೋಗಿಯ ಅಡಿಗೆ ಗಟ್ಟಿ ಬಟ್ಟೆ ಹಾಸಿ, ಅದರ ನಾಲ್ಕು ಕುಣಿಕೆಗಳನ್ನು ಕೊಕ್ಕೆಗೆ ಸಿಕ್ಕಿಸಿ ಬಟನ್ ಒತ್ತಿದರೆ ಮಲಗಿದ್ದವರನ್ನು ಹಾಗೆಯೇ ಮೇಲೆತ್ತುತ್ತದೆ. ಎಷ್ಟು ಕೆಜಿ ಎಂದು ಪುಟ್ಟ ಪರದೆಯಲ್ಲಿ ತೋರಿಸುತ್ತದೆ. ಇಂಗ್ಲಿಷಿನ ಮ್ಯಾನ್ಯುಯಲ್ ಓದಿ ಎಲ್ಲರಿಗೂ ಕಲಿಸಿದವಳು ನಾನೇ. ರೋಗಿಯ ಜೊತೆ ಮೇಲೇರಿದ ಬೇರೆ ಭಾರವನ್ನೆಲ್ಲ ಕಳೆಯಬೇಕು ಎಂಬ ಸಾಲಿನ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದವಳೂ ನಾನೇ.

ಒಂದು ಬೆಳಿಗ್ಗೆ ಸೊಂಟದ ಮೂಳೆ ಮುರಿದುಕೊಂಡಿದ್ದ ಅಜ್ಜಿಯೊಬ್ಬರನ್ನು ತೂಗಬೇಕಾಯಿತು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಇಂಜೆಕ್ಷನ್. ಅದರ ಡೋಸ್ ನಿರ್ಧಾರವಾಗುವುದು ತೂಕದ ಮೇಲೆ. ಕಾಲು ಅಲುಗದಿರಲೆಂದು ಎರಡೂ ಪಕ್ಕಕ್ಕೆ ಮರಳಿನ ಚೀಲ ಒತ್ತಿ ಇಟ್ಟಿದ್ದೆವು. ತೆಗೆದರೆ ನೋವಾಗುತ್ತದೆ, ಚೀಲ ಸಮೇತ ಎತ್ತು ಎಂದು ಮಹದೇವಯ್ಯನವರಿಗೆ ಹೇಳಿದೆ.

"ಅಯ್ಯೋ, ಈ ವಯಸ್ನಲ್ಲಿ ನನ್ನ ತೊಟ್ಲಿಗಾಕ್ತೀರಲ್ಲಪ್ಪಾ!" ಎಂದರು ಅಜ್ಜಿ, ಗಾಳಿಯಲ್ಲಿ ಏರುತ್ತಾ.

"ಜೋಗ್ಳಾನೂ ಆಡ್ತೀನಿ, ಸುಮ್ಕೆ ಮನಿಕೊ ಅಜ್ಜಿ," ಎಂದರು ಮಹದೇವಯ್ಯ. ವಾರ್ಡೆಲ್ಲ ನಕ್ಕಿತು.

ಪರದೆಯಲ್ಲಿ ನಲವತ್ತಾರು ಎಂದು ಬಂತು. ಚಾರ್ಟಿಗೆ ಬರೆಯತೊಡಗಿದೆ.

"ಸಿಸ್ಟ್ರಮ್ಮ, ಮರ್ಳು ಚೀಲ, ಕಂಬ್ಳಿ ಎಲ್ಲಾ ಸೇರ್ಕಂಡದೆ ಕಣವ್ವ. ಅಜ್ಜಿ ಮೂವತ್ತೆಂಟರ ಮ್ಯಾಕಿಲ್ಲ, ದಿನಾ ಎತ್ತೋ ಕೈಗೆ ಗೊತ್ತಾಗಕಿಲ್ವ? ಚೀಲದ ತೂಕ ಮುರೀದೆ ನಮ್ ಮಿಲ್ಲಲ್ಲಿ ಒಂದ್ ಮೂಟೇನೂ ಬರ್ಕಳಕಿಲ್ಲ."

ಪಕ್ಕದಲ್ಲಿ ಇಬ್ಬರು ಟ್ರೈನಿ ಹುಡುಗಿಯರಿದ್ದರು. ಒಬ್ಬಳು ಕಿಸಕ್ಕೆಂದಳು.

"ಮೈಂಡ್ ಯುವರ್ ವರ್ಕ್, ಮಹದೇವ. ಇದು ನಿನ್ನ ರೈಸ್ ಮಿಲ್ ಅಲ್ಲ."

ಗಡಿಬಿಡಿಯಲ್ಲಿ ಮರೆತೆ — ಎಂದು ವರ್ಷಗಟ್ಟಲೆ ನನಗೆ ನಾನೇ ಹೇಳಿಕೊಂಡಿದ್ದೇನೆ. ಅವರು ಹೇಳುವ ತನಕ ಮರೆತಿದ್ದೆ, ನಿಜ. ಹೇಳಿದ ಮೇಲೆ — ಅವರು ಹೇಳಿದರು ಎಂಬ ಕಾರಣಕ್ಕೇ — ಕಳೆಯಲಿಲ್ಲ. ಆ ಹುಡುಗಿಯರ ಎದುರು, ಮೂಟೆ ಹೊತ್ತವರಿಂದ ಪಾಠ ಹೇಳಿಸಿಕೊಂಡು ನನ್ನ ಅಂಕಿಯನ್ನು ನಾನೇ ಹೊಡೆದುಹಾಕುವುದು... ಆಗಲಿಲ್ಲ. ನಲವತ್ತಾರು ಹಾಗೆಯೇ ಉಳಿಯಿತು.

ಡಾಕ್ಟರು ಅದನ್ನು ನಂಬಿ ಡೋಸ್ ಬರೆದರು. ಮೂರನೆಯ ದಿನ ಅಜ್ಜಿಯ ಹೊಟ್ಟೆ, ತೊಡೆ ನೀಲಿಗಟ್ಟಿದವು, ಮೂತ್ರದಲ್ಲಿ ರಕ್ತ. ಮೈಸೂರಿಗೆ ಕಳಿಸಿದೆವು. ಬದುಕಿ ಮನೆಗೆ ಹೋದರು — ಅದರಲ್ಲಿ ನನ್ನ ಪಾಲೇನೂ ಇಲ್ಲ. ಅಲ್ಲಿ ಮತ್ತೆ ತೂಗಿದಾಗ ಸರಿಯಾಗಿ ಮೂವತ್ತೆಂಟು. ಅವರ ಮಗ ಆ ತೂಕ ಬರೆದಿದ್ದ ಚೀಟಿ ಹಿಡಿದು ಬಂದು ಗಲಾಟೆ ಮಾಡಿದ ಮೇಲೆ ವಿಚಾರಣೆ ನಡೆಯಿತು. ಟ್ರೈನಿಗಳನ್ನು ಯಾರೂ ಕರೆಯಲಿಲ್ಲ. ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ.

"ಮರಳಿನ ಚೀಲ ಸೇರಿದೆ ಅಂತ ಅಟೆಂಡರ್ ನಿಮಗೆ ಹೇಳಿದ್ನಾ, ಸಿಸ್ಟರ್?"

"ನೋ, ಸರ್. ಅವನು ಹೇಳಿದ ನಂಬರ್ ಬರೆದೆ."

ಮಹದೇವಯ್ಯ ಬಾಗಿಲ ಬಳಿ ನಿಂತಿದ್ದರು. ನನ್ನನ್ನೇ ನೋಡುತ್ತಿದ್ದರು — ಕೋಪದಿಂದಲ್ಲ, ನಾನು ಇನ್ನೂ ಮಾತು ಮುಗಿಸಿಲ್ಲ ಎಂಬಂತೆ. ಮುಂದಿನ ವಾಕ್ಯಕ್ಕೆ ಕಾಯುತ್ತಿದ್ದರು. ನನ್ನ ಮಾತು ಮುಗಿದಿತ್ತು.

ಆ ವಾರವೇ ಅವರನ್ನು ಕೆಲಸದಿಂದ ತೆಗೆದರು. ಮರುವರ್ಷ ನಾನು ರಿಟೈರ್ ಆದೆ. ಒಂದೇ ಒಂದು ರಿಮಾರ್ಕ್ ಇಲ್ಲದ ಸರ್ವಿಸ್ ಎಂದು ಹೊಗಳಿ ಶಾಲು ಹೊದಿಸಿದರು. ಹೊದ್ದುಕೊಂಡೆ.

ಕಳೆದ ತಿಂಗಳು ನೆಂಟರ ಮನೆಯ ನಾಮಕರಣಕ್ಕೆಂದು ನರಸೀಪುರಕ್ಕೆ ಹೋಗಿದ್ದೆ. ನಂಜನಗೂಡಿಗೆ ವಾಪಸ್ಸು ಬರಲು, ಸುತ್ತೂರಿನ ಮಾರ್ಗವಾಗಿ ಬರುವ ಬಸ್ಸಿಗೆ ಕಾಯುತ್ತಿದ್ದೆ. ಎದುರಿಗೆ ರೈಸ್ ಮಿಲ್ಲು. ಲಾರಿಗೆ ಲೋಡು ತುಂಬುತ್ತಿದ್ದರು. ಬೆನ್ನು ಬಾಗಿದ, ಗಡ್ಡ ನರೆತ ಒಬ್ಬರು ತೂಕದ ಯಂತ್ರದ ಮೇಲೆ ಮೂಟೆ ಇಳಿಸಿದರು.

"ಲೇ, ಮಾದೇವಣ್ಣನ್ನ ನೋಡ್ಕಳ್ರಲಾ! ಅಕ್ಕಿ ಜೊತ್ಗೆ ಮರ್ಳೂ ತೂಗ್ಬುಟ್ಟಾನು!"

"ಆಸ್ಪತ್ರೇಲಿ ಅಜ್ಜೀನೇ ತೂಗ್ಬುಟ್ಟವ್ನಂತೆ, ಮೂಟೆ ಯಾವ ಲೆಕ್ಕ ಬುಡ್ಲಾ!"

ಎಲ್ಲರೂ ನಕ್ಕರು. ಅದರಲ್ಲಿ ದ್ವೇಷವಿರಲಿಲ್ಲ; ದಿನಾ ಆಡಿ ಆಡಿ ಸವೆದ ತಮಾಷೆ. ಅವರೂ ನಕ್ಕರು — ಅದೇ ನನಗೆ... ಆಮೇಲೆ ನನ್ನನ್ನು ಕಂಡು, ಟವಲಿನಿಂದ ಮುಖ ಒರೆಸಿಕೊಂಡು ರಸ್ತೆ ದಾಟಿ ಬಂದರು.

"ಚೆಂದಾಗಿದ್ದೀರಾ, ಸಿಸ್ಟ್ರಮ್ಮ?"

"ಫೈನ್, ಮಹದೇವಯ್ಯ," ಎಂದೆ. ಬಸ್ಸು ಬಂತು. ಹತ್ತಿಬಿಟ್ಟೆ. ಎರಡನೆಯ ಸಲವೂ ನಾನು ನಿಜವನ್ನು ನುಂಗಿಕೊಂಡೆ.

ಮನೆಗೆ ಬಂದವಳೇ ಆಸ್ಪತ್ರೆಗೆ ಎಲ್ಲವನ್ನೂ ಬರೆದು ಸಹಿ ಹಾಕಿ ಕಳಿಸಿದೆ. ವಾರ ಕಳೆದ ಮೇಲೆ ಆಫೀಸಿನ ಹುಡುಗಿಯೊಬ್ಬಳು ಫೋನ್ ಮಾಡಿದಳು: "ಮೇಡಂ, ಅಷ್ಟ್ ಹಳೇ ಫೈಲ್ ನಮ್ಮತ್ರ ಇಲ್ಲ. ಆಗಿದ್ದೋರೂ ಯಾರೂ ಇಲ್ಲ. ಬಿಟ್ಬಿಡಿ, ಟೆನ್ಷನ್ ತಗೋಬೇಡಿ." ಫೈಲಿನಲ್ಲಿದ್ದ ಸುಳ್ಳು ಫೈಲಿನೊಂದಿಗೇ ಹೋಯಿತು. ಈಗ ಅದು ಉಳಿದಿರುವುದು ಆ ಮಿಲ್ಲಿನವರ ಬಾಯಲ್ಲಿ. ತಿದ್ದಬೇಕಾದದ್ದೂ ಅಲ್ಲಿಯೇ.

"ಅಮ್ಮಾ, ಎಪ್ಪತ್ತೊಂದು ವರ್ಷ ನಿಂಗೆ. ಅಷ್ಟು ಗಂಡಸರ ಮಧ್ಯೆ ನಿಂತು ಸೀನ್ ಮಾಡ್ಬೇಡ. ಅವರನ್ನ ಮನೆಗೆ ಕರೆಸಿ ಸಾರಿ ಕೇಳು, ಸಾಕು," ಎನ್ನುತ್ತಾಳೆ ಮಗಳು. ನಾಲ್ಕು ಗೋಡೆಯೊಳಗೆ ಸಾರಿ ಕೇಳಿದರೆ ನನಗೆ ನಿದ್ದೆ ಬಂದೀತು. ಮಹದೇವಯ್ಯನವರಿಗೆ ಮರುದಿನವೂ ಅದೇ ತಮಾಷೆ.

ಸೋಮವಾರ ಬೆಳಿಗ್ಗೆ ಲೋಡು ತುಂಬುವ ಹೊತ್ತಿಗೆ ಎಲ್ಲರೂ ಇರುತ್ತಾರಂತೆ, ವಿಚಾರಿಸಿದ್ದೇನೆ. ಆ ಅಂಗಳದಲ್ಲಿ ನಿಂತು, ಇವರು ಅಂದೇ ಸರಿಯಾಗಿ ಹೇಳಿದ್ದರು, ತಪ್ಪು ಬರೆದವಳೂ ಸುಳ್ಳಾಡಿದವಳೂ ನಾನು ಎಂದು ಎಲ್ಲರ ಕಿವಿಗೂ ಬೀಳುವಂತೆ ಹೇಳುತ್ತೇನೆ. ಕ್ಷಮಿಸಿ ಎಂದು ಕೇಳುವುದಿಲ್ಲ. ಕ್ಷಮಿಸುವುದೋ ಬಿಡುವುದೋ ಅವರಿಗೆ ಸೇರಿದ್ದು. ಹದಿಮೂರು ವರ್ಷದ ಮಾತು ಅವರಲ್ಲೂ ಇದ್ದೀತು. ಬೈದರೆ ಬೈಯಲಿ. ಅವರು ಆಡಿ ಮುಗಿಸಿ, ಇನ್ನು ಹೋಗಿ ಎನ್ನುವವರೆಗೂ ಅಲ್ಲಿಂದ ಕದಲುವುದಿಲ್ಲ.