ನಾಯಿ ದವಾಖಾನೆಯಲ್ಲಿ ಎಮ್ಮೆ ಡಾಕ್ಟರು

ಪುಣೆಗೆ ಬಂದ ಹೊಸದರಲ್ಲಿ ಮಹೇಶಕುಮಾರನಿಗೆ ಆ ಊರಿನವರ ವಿನಯ ಕಂಡು ಎದೆ ತುಂಬಿ ಬಂದಿತ್ತು. ಸಿಂಧನೂರಿನ ಬಸ್ಸಿಳಿದು ಇನ್ನೂ ವಾರವಾಗಿರಲಿಲ್ಲ. ನಿಗಡಿಯ ಸಾಕುಪ್ರಾಣಿಗಳ ದವಾಖಾನೆಯೊಂದರಲ್ಲಿ ಬಿಲ್ಲು ಮಾಡುವ ಕೆಲಸ ಖಾಲಿ ಇದೆಯೆಂದು ಸೋದರಮಾವ ಹೇಳಿದ್ದಕ್ಕೆ ಇಸ್ತ್ರಿ ಅಂಗಿ ತೊಟ್ಟು ಹೋಗಿದ್ದ. ಕೌಂಟರಿನಲ್ಲಿ ಕೂತಿದ್ದ ಹುಡುಗಿ ತಲೆ ಎತ್ತದೆ ಕೇಳಿದಳು: "ನಾವ್ ಕಾಯ್?"

ಮಹೇಶಕುಮಾರನಿಗೆ ಮರಾಠಿ ಬರುತ್ತಿರಲಿಲ್ಲ. ಆದರೆ ಇದು ಅವನಿಗೆ ಅಚ್ಚಗನ್ನಡವಾಗಿಯೇ ಕೇಳಿಸಿತು. ನಾವು ಕಾಯಬೇಕು. ಒಬ್ಬನೇ ಬಂದ ಬಡಪಾಯಿಗೆ 'ನೀನು ಕಾಯಿ' ಎಂದು ಒರಟಾಗಿ ಹೇಳದೆ, ತನ್ನನ್ನೂ ಜೊತೆಗೆ ಸೇರಿಸಿಕೊಂಡು 'ನಾವು' ಎಂದಳಲ್ಲ! ಇಂಥ ಸಂಸ್ಕಾರ ತಮ್ಮ ಕಡೆ ಯಾವ ಆಫೀಸಿನಲ್ಲಿ ಸಿಕ್ಕೀತು? "ಕಾಯ್ತೀನ್ರಿ" ಎಂದು ಕೈ ಮುಗಿದು ಬೆಂಚಿನ ಮೇಲೆ ಕೂತ.

ಅರ್ಧ ತಾಸು ಕಳೆದ ಮೇಲೆ ಹುಡುಗಿ ಕೂಗಿದಳು: "ಕ್ಯಾಥರಿನ್! ಕ್ಯಾಥರಿನ್ ಕುಠೇ ಆಹೆ?" ಯಾರೂ ಏಳಲಿಲ್ಲ. ಜನ ಕ್ಯಾಥರಿನ್ ಎಲ್ಲಿ ಎಂದು ಬೆಂಚಿನ ಕೆಳಗೆ ಬಗ್ಗಿ ನೋಡಿದರು. ಮಹೇಶಕುಮಾರನೂ ಬಗ್ಗಿ ನೋಡಿದ. ಯಾರದೋ ಬೆಕ್ಕು ತಪ್ಪಿಸಿಕೊಂಡಿರಬೇಕೆಂದು ಅವನಿಗೆ ನಿಜವಾಗಿಯೂ ಮರುಕವಾಯಿತು. ಗದ್ದಲ ಕೇಳಿ ಒಳಗಿನಿಂದ ಬಿಳಿ ಕೋಟಿನ ಡಾಕ್ಟರು ಬಂದು, ಅವನನ್ನೇ ಗುರಿಯಿಟ್ಟು ಮರಾಠಿಯಲ್ಲಿ ಏನೋ ಕೇಳಿದರು.

"ಏನಂತಾರೋ ಯಪ್ಪಾ ಇವ್ರು" ಎಂದು ಇವನು ತನ್ನಷ್ಟಕ್ಕೆ ಗೊಣಗಿದ.

ಡಾಕ್ಟರು ನಿಂತಲ್ಲೇ ನಿಂತರು. "ಕನ್ನಡದಾಂವೇನೋ ನೀ? ಎಲ್ಲದ ನಿನ್ನ ಬೆಕ್ಕು?"

"ಬೆಕ್ಕಿಲ್ರಿ ಸರ. ನೌಕರಿಗೆ ಬಂದೀನ್ರಿ. ಕಾಯ್ತೀನ್ರಿ ಅಂತ ಹೇಳೀನ್ರಿ."

ಡಾಕ್ಟರು ಗೋಡೆ ಹಿಡಿದುಕೊಂಡು ನಕ್ಕರು. "ನಾವ್ ಕಾಯ್ ಅಂದ್ರ ಹೆಸರೇನು ಅಂತಲೇ ತಮ್ಮಾ! ಆಕಿ ನಿನ್ನ ಬೆಕ್ಕಿನ ಹೆಸರು ಕ್ಯಾಥರಿನ್ ಅಂತ ತಿಳಕೊಂಡಾಳ!"

ನೌಕರಿ ಸಿಕ್ಕಿತು. ಜೊತೆಗೆ ಡಾಕ್ಟರ ಬಾಯಲ್ಲಿ ಕ್ಯಾಥರಿನ್ ಎಂಬ ಹೆಸರೂ ಖಾಯಮ್ಮಾಯಿತು.

ಡಾಕ್ಟರ ಹೆಸರು ಸಿದ್ದಾರೂಢ. ಸುರಪುರದ ಕಡೆಯವರು, ಬೀದರಿನಲ್ಲಿ ಪಶುವೈದ್ಯ ಓದಿದವರು. ಓದು ಮುಗಿದ ಮೇಲೆ ಊರ ಸೀಮೆಯಲ್ಲೇ ಗುತ್ತಿಗೆಯ ನೌಕರಿ. ಕರು ಹಾಕಲಾರದ ಎಮ್ಮೆ, ಹೊಟ್ಟೆ ಉಬ್ಬಿದ ಹೋರಿ, ಕಾಲು ಉಳುಕಿದ ಎತ್ತು ಎಂದು ಮೋಟರ್‌ಸೈಕಲ್ಲಿನ ಮೇಲೆ ಹಳ್ಳಿ ಹಳ್ಳಿ ತಿರುಗಿದರು. ಗುತ್ತಿಗೆ ಮುಗಿಯಿತು, ಮುಂದುವರಿಯಲಿಲ್ಲ. ಅದೇ ಹೊತ್ತಿಗೆ ಹೆಂಡತಿ ರೇಣುಗೆ ಬ್ಯಾಂಕಿನಲ್ಲಿ ಬಡ್ತಿ ಸಿಕ್ಕು ಪುಣೆಗೆ ವರ್ಗವಾಯಿತು. ಗಂಡ ಹೆಂಡತಿ ಎರಡು ಊರಲ್ಲಿ ಒಲೆ ಹಚ್ಚುವುದು ಬೇಡವೆಂದು ಇವರೂ ಹೊರಟು ಬಂದರು. ಇದರಲ್ಲಿ ಯಾರ ತಪ್ಪೂ ಇರಲಿಲ್ಲ. ಯಾರನ್ನಾದರೂ ಬಯ್ಯುವ ಹಾಗಿದ್ದರೆ ಸಂಕಟ ಅಷ್ಟಾದರೂ ಕಡಿಮೆಯಾಗುತ್ತಿತ್ತೇನೋ.

ನಾಯಿಗಳಿಗೆ ಅವರೆಂದರೆ ಪ್ರೀತಿ. ನಡುಗುತ್ತ ಬಂದ ನಾಯಿ ಅವರ ಮೇಜಿನ ಮೇಲೆ ಹತ್ತಿದೊಡನೆ ಸುಮ್ಮನಾಗುತ್ತಿತ್ತು. ಆದರೆ ಎರಡು ಬೆರಳಲ್ಲಿ ಪುಟಾಣಿ ಪಂಜ ಹಿಡಿದು ಕೂದಲೆಳೆಯಂಥ ನರ ಹುಡುಕುವಾಗ ಅವರ ಉಳಿದ ಕೈಯೆಲ್ಲ ಕೆಲಸವಿಲ್ಲದೆ ಕೂತಂತೆ ಮಹೇಶಕುಮಾರನಿಗೆ ಕಾಣುತ್ತಿತ್ತು. "ನಾಯಿ ಕೆಟ್ಟದ್ದಲ್ಲಲೇ. ಆದ್ರ ಕೈ ತುಂಬೂದಿಲ್ಲ" ಎಂದು ಒಮ್ಮೆ ಅವರೇ ಅಂದಿದ್ದರು. ಗಿರಾಕಿ ಹೆಂಗಸೊಬ್ಬಳು "ಡಾಕ್ಟರ್, ನಿಮ್ಮ ಮನೆಯಲ್ಲಿ ಯಾವ ಬ್ರೀಡು?" ಎಂದು ಕೇಳಿದಾಗ ಅವರು ಸೂಜಿಯಿಂದ ಕಣ್ಣು ತೆಗೆಯದೆ "ಮುರ್ರಾ" ಎಂದಿದ್ದರು. "ಓ, ಫ್ರೆಂಚಾ?" ಎಂದಳು ಆಕೆ. ಮುರ್ರಾ ಎಂದರೆ ಎಮ್ಮೆ. ಅವರ ಮನೆ ಇದ್ದದ್ದು ಐದನೇ ಮಹಡಿಯಲ್ಲಿ.

ಮುಂಜಾನೆ ಇಬ್ಬರೂ ಒಂದೇ ಸ್ಕೂಟರಿನಲ್ಲಿ ದವಾಖಾನೆಗೆ ಹೋಗುವ ದಾರಿಯಲ್ಲಿ ಒಂದು ಗುಡಿ. ಅದರ ಮುಂದೆ ಮುದುಕಿಯೊಬ್ಬಳು ಆಕಳು ಕಟ್ಟಿಕೊಂಡು ಹುಲ್ಲಿನ ಸಿವುಡು ಮಾರುತ್ತ ಕೂತಿರುತ್ತಾಳೆ. ಪುಣ್ಯ ಬೇಕಾದವರು ಸಿವುಡು ಕೊಂಡು ತಿನ್ನಿಸಿ ಕೈ ಮುಗಿದು ಹೋಗುತ್ತಾರೆ. ಡಾಕ್ಟರು ಮಾತ್ರ ಒಂದು ಕೈಯಲ್ಲಿ ತಿನ್ನಿಸುತ್ತ ಇನ್ನೊಂದು ಕೈಯನ್ನು ಕಿವಿಯ ಬುಡಕ್ಕೆ ಇಡುತ್ತಿದ್ದರು. ಅಲ್ಲಿಂದ ಗಂಗೆದೊಗಲಿಗೆ, ಅಲ್ಲಿಂದ ಪಕ್ಕೆಗೆ. ಕೊನೆಗೆ ಹುಲ್ಲು ಮುಗಿದದ್ದೂ ಗೊತ್ತಾಗದೆ ನಿಂತೇಬಿಡುತ್ತಿದ್ದರು. ಒಂದು ದಿನ ಮುದುಕಿಗೆ ತಾಳ್ಮೆ ಕೆಟ್ಟಿತು. "ಸಾಹೇಬ, ಗವತ್ ದ್ಯಾ ಆಣಿ ಜಾ. ಗಾಯ್ ವಿಕಾಯಚೀ ನಾಹೀ." ಹುಲ್ಲು ಹಾಕಿ ಹೋಗು, ಆಕಳು ಮಾರೋದಿಲ್ಲ. ಡಾಕ್ಟರು ಕಳ್ಳನ ಹಾಗೆ ಕೈ ಹಿಂದಕ್ಕೆಳೆದುಕೊಂಡರು. ಸ್ಕೂಟರಿನ ಮೇಲೆ ಕಾಯುತ್ತಿದ್ದ ಮಹೇಶಕುಮಾರ ನಗಬೇಕೆಂದುಕೊಂಡ. ನಗು ಬರಲಿಲ್ಲ.

ದವಾಖಾನೆಯ ದರಗಳ ಬಗ್ಗೆ ಬೈಗುಳ ತಿನ್ನುವುದು ಮಹೇಶಕುಮಾರನ ಕೆಲಸದ ಭಾಗವಾಗಿತ್ತು. ಡಾಕ್ಟರು ಒಳಗೆ, ಬಿಲ್ಲು ಹೊರಗೆ, ಜಗಳವೂ ಹೊರಗೆ. "ಮನುಷ್ಯರ ಡಾಕ್ಟರೂ ಇಷ್ಟು ತಗೊಳ್ಳೋದಿಲ್ಲ!" ಎಂದು ಮರಾಠಿಯಲ್ಲಿ ಕೂಗಿದವರಿಗೆ ಅವನು ಕಲಿತ ಮರಾಠಿಯಲ್ಲಿ ಕ್ಷಮೆ ಕೇಳುತ್ತಿದ್ದ, ಒಳಗೊಳಗೆ ಅವರ ಪಕ್ಷವೇ ಆಗಿದ್ದ. ನಾಯಿಯೊಂದರ ಹಲ್ಲು ಶುಚಿ ಮಾಡುವ ದರದಲ್ಲಿ ತನ್ನ ಅರ್ಧ ತಿಂಗಳ ಮೆಸ್ಸು ನಡೆಯುತ್ತದೆ ಎಂದು ಗೊತ್ತಾದ ದಿನ, ಬಹಳ ದಿನದಿಂದ ನೋಯುತ್ತಿದ್ದ ತನ್ನ ದವಡೆಹಲ್ಲನ್ನು ನಾಲಗೆಯಿಂದ ಸವರಿ ನೋಡಿಕೊಂಡಿದ್ದ. ಮುಂದಿನ ಜನ್ಮ ಅಂತೇನಾದರೂ ಇದ್ದರೆ ಪ್ರಾಧಿಕರಣದ ಕಡೆಯ ಬಂಗಲೆಯೊಂದರಲ್ಲಿ ಪೊಮೇರಿಯನ್ ಆಗಿ ಹುಟ್ಟುವುದೆಂದು ನಿಶ್ಚಯಿಸಿದ್ದ.

ಚಹಾದ ಹೊತ್ತಿಗೆ ಡಾಕ್ಟರನ್ನೇ ಕೇಳಿದ: "ಸರ, ನಮ್ದು ದುಬಾರಿ ಅಲ್ಲೇನ್ರಿ?"

"ಮನುಷ್ಯಾ ಎಲ್ಲಿ ನೋವು ಅಂತ ಬಾಯಿಬಿಟ್ಟು ಹೇಳ್ತಾನ. ಇದು ಹೇಳೂದಿಲ್ಲ. ಹೇಳಿಸಬೇಕಂದ್ರ ಮಷೀನ್ ಬೇಕು. ಮಷೀನಿಗೆ ಸಾಲ, ಸಾಲಕ್ಕ ಬಡ್ಡಿ."

"ಹಂಗಾದ್ರ ದುಬಾರಿ ಅಲ್ಲಂತೀರಿ?"

"ದುಬಾರೀನ ಅದ. ಅರ್ಧ ಬಿಲ್ಲು ನಾಯೀದು, ಅರ್ಧ ಈ ಗಾಜಿನ ಬಾಗಲದ್ದು." ಡಾಕ್ಟರು ಬಸಿಗೆ ಉಳಿದ ಚಹಾ ಸುರಿದುಕೊಂಡರು. "ಚಹಾ ಮಾತ್ರ ಪಾಡ ಅದ ನೋಡು. ಅಂಬಾಬಾಯಿ ನೀರು ಹಾಕೂದಿಲ್ಲ."

ಅಂಬಾಬಾಯಿ ಎಂದರೆ ದವಾಖಾನೆಗೆ ದಿನಾ ಹಾಲು ಹಾಕುವಾಕೆ. ಆಳಂದದ ಕಡೆಯ ಹೆಣ್ಣುಮಗಳು, ಗಂಡನ ಮನೆ ಆಕುರ್ಡಿ. ಸುತ್ತ ಕಟ್ಟಡಗಳು ಎದ್ದು ನಿಂತರೂ ತಗಡಿನ ಕೊಟ್ಟಿಗೆಯಲ್ಲಿ ಎರಡು ಎಮ್ಮೆ ಉಳಿಸಿಕೊಂಡಿದ್ದಳು.

ಒಂದು ದಿನ ಮಧ್ಯಾಹ್ನ, ಬಾಗಿಲು ಹಾಕುವ ಹೊತ್ತಿಗೆ, ಆಕೆ ಅರ್ಧ ಇಳಿದ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದಳು. ಕೈಯಲ್ಲಿ ಹಾಲಿನ ಕ್ಯಾನಿರಲಿಲ್ಲ.

"ತಮ್ಮಾ, ಡಾಕ್ಟರ್ ಅದಾರೇನೋ? ಎಮ್ಮಿ ಮುಂಜಾನಿಂದ ತಿಣಕಲಾಕತ್ತದ. ಕರ ಹೊರಗ ಬರವಲ್ದು. ಸರಕಾರಿ ಡಾಕ್ಟರ್ ಜೇಜುರಿ ಕಡೆ ಹೋಗ್ಯಾರಂತ."

ಮಹೇಶಕುಮಾರ ನೌಕರಿಯವನ ಮುಖ ಮಾಡಿದ. "ಅಂಬಾಬಾಯೇರ, ಇಲ್ಲಿ ಎಮ್ಮಿ ನೋಡಂಗಿಲ್ರಿ. ನಾಯಿ, ಬೆಕ್ಕು, ಗಿಣಿ, ಇಷ್ಟ."

"ಗಿಣಿ ನೋಡ್ತೀರಿ, ಎಮ್ಮಿ ನೋಡಂಗಿಲ್ಲ? ದಿನಾ ಚಹಾಕ್ಕ ಯಾವುದರ ಹಾಲು ಹಾಕ್ಕೋತೀರೋ, ಗಿಣೀದೇನು?"

ಒಳಗೆ ಊಟಕ್ಕೆ ಕೂತಿದ್ದ ಡಾಕ್ಟರು ಎದ್ದು ಬಂದರು. ಚಪಾತಿಯ ತುಣುಕು ಕೈಯಲ್ಲೇ ಇತ್ತು. "ಎಷ್ಟನೇ ಸೂಲು?"

"ಮೂರನೇದ್ರಿ ಸಾಹೇಬ್ರ."

"ನೀರೊಡೆದು ಭಾಳ ಹೊತ್ತಾತೇನು?"

"ನೀರ ಒಡದಿಲ್ರಿ. ಬರೇ ತಿಣಕತದ, ಮಲಗತದ, ಏಳತದ."

ಡಾಕ್ಟರು ಕೋಟು ಕಳಚಿ ಮೊಳೆಗೆ ಹಾಕಿದರು. ಹೊರಗೆ ಹೋಗಿ ಚಿಕಿತ್ಸೆ ಮಾಡಬಾರದೆಂದು ದವಾಖಾನೆ ನಡೆಸುವ ಮ್ಯಾಡಮ್ ಎಲ್ಲರಿಂದಲೂ ಸಹಿ ಹಾಕಿಸಿಕೊಂಡಿದ್ದು ಮಹೇಶಕುಮಾರನಿಗೆ ಗೊತ್ತಿತ್ತು. "ಸರ, ಮ್ಯಾಡಮ್ಮಿಗೆ ಗೊತ್ತಾದ್ರ ನೌಕರಿ..."

"ಒಂದರಿಂದ ನಾಕರ ತನಕ ಪುಣೇದಾಗ ಎಲ್ಲಾರೂ ಮಲಗಿರ್ತಾರ, ಯಾರಿಗೂ ಏನೂ ಗೊತ್ತಾಗೂದಿಲ್ಲ. ಸ್ಕೂಟರ್ ತೆಗಿ."

ದಾರಿಯುದ್ದಕ್ಕೂ ಹಿಂದೆ ಕೂತ ಡಾಕ್ಟರು ಬಲಗೈ ಮುಷ್ಟಿ ಕಟ್ಟುವುದು, ಬಿಡುವುದು ಮಾಡುತ್ತಿದ್ದುದು ಕನ್ನಡಿಯಲ್ಲಿ ಕಾಣುತ್ತಿತ್ತು. "ಎಂಟು ವರ್ಷ ಆತೋ ಕ್ಯಾಥರಿನ್" ಎಂದರು. "ಕೈ ಮರತದೋ ಏನೋ." ಅವರ ದನಿಯಲ್ಲಿದ್ದದ್ದು ಎಮ್ಮೆಯ ಚಿಂತೆಯೊಂದೇ ಅಲ್ಲ. ಬಹುಕಾಲದ ಮೇಲೆ ತೌರಿಗೆ ಹೊರಟವರ ಅಳುಕು. ಬಾಗಿಲಲ್ಲಿ ತನ್ನನ್ನು ಯಾರೂ ಗುರುತಿಸದಿದ್ದರೆ ಎಂಬ ಅಳುಕು.

ಎಮ್ಮೆ ಕೊಟ್ಟಿಗೆಯ ಮೂಲೆಯಲ್ಲಿ ನಿಂತಿತ್ತು, ಕಣ್ಣು ಹೊರಳಿಸುತ್ತ. ನಾಯಿ ದವಾಖಾನೆಯಲ್ಲಿ ತೋಳುದ್ದದ ಗ್ಲೌಸೆಲ್ಲಿಂದ ಬರಬೇಕು? ಡಾಕ್ಟರು ಅಂಗಿ ಬಿಚ್ಚಿ, ಭುಜದ ತನಕ ಸಾಬೂನು ತಿಕ್ಕಿಕೊಂಡು, ಮೇಲೆ ಕೊಬ್ಬರಿ ಎಣ್ಣೆ ಸುರಿಸಿಕೊಂಡರು. ಬಾಲ ಹಿಡಿಯುವ ಕೆಲಸ ಮಹೇಶಕುಮಾರನ ಪಾಲಿಗೆ ಬಂತು. ಬಿ.ಕಾಂ. ಓದುವಾಗ ಇದನ್ನು ಯಾರೂ ಹೇಳಿಕೊಟ್ಟಿರಲಿಲ್ಲ. ಡಾಕ್ಟರ ಕೈ ಮೊಣಕೈಯವರೆಗೆ, ಆಮೇಲೆ ಭುಜದವರೆಗೆ ಒಳಗೆ ಹೋಯಿತು. ಅವರ ಕೆನ್ನೆ ಎಮ್ಮೆಯ ಪಿರ್ರೆಗೆ ಒರಗಿತು. ಕಣ್ಣು ಮುಚ್ಚಿದರು.

"ಬೆಚ್ಚಗದ" ಎಂದರು, ಯಾರಿಗೂ ಅಲ್ಲ.

ಆಮೇಲೆ ಹುಬ್ಬು ಗಂಟಿಕ್ಕಿತು. "ಗರ್ಭ ತಿರುಚಿಕೊಂಡದ. ಹಸಿ ಧೋತರ ಹಿಂಡಿದಂಗ ಆಗ್ಯದ ದಾರಿ. ಎಮ್ಮಿನ್ನ ಮಲಗಿಸಿ ಹೊರಳಿಸಬೇಕು. ಹಲಗಿ ಬೇಕು, ಉದ್ದಂದು. ನಾಕು ಮಂದಿ ಬೇಕು."

ಪಕ್ಕದಲ್ಲೇ ಕಟ್ಟಡ ಏಳುತ್ತಿತ್ತು. ಅಲ್ಲಿ ಕೆಲಸ ಮಾಡುವವರು ಯಾದಗಿರಿ ಕಡೆಯವರು. ಅಂಬಾಬಾಯಿ ಕೂಗಿದ್ದೇ ತಡ, ತಾಯಪ್ಪನೆಂಬ ಗೌಂಡಿ ಸೆಂಟ್ರಿಂಗ್ ಹಲಗೆ ಹೊತ್ತು, ಜೊತೆಗಾರರನ್ನು ಕರೆದುಕೊಂಡು ಬಂದ. ಹಗ್ಗ ಹಾಕಿ ಎಮ್ಮೆಯನ್ನು ಕೆಡವಿದರು. ಹಲಗೆಯ ಒಂದು ತುದಿ ಅದರ ಹೊಟ್ಟೆಯ ಮೇಲೆ, ಇನ್ನೊಂದು ತುದಿ ನೆಲಕ್ಕೆ.

"ಇದರ ಮ್ಯಾಲ ಯಾರಾರ ಒಬ್ಬರು ನಿಂದರಬೇಕು. ತಾಯಪ್ಪ ಬ್ಯಾಡ, ಭಾರ ಆಗ್ತಾನ. ಕ್ಯಾಥರಿನ್, ಹತ್ತು."

"ನಾನ್ರೀ?"

"ಉಂಡ ಅನ್ನ ಮೈಗೆ ಹತ್ತಿಲ್ಲಲ್ಲ, ನೀನ ಸರಿ."

ಕನ್ಯೆ ನೋಡಲು ಹೋದ ಎರಡು ಮನೆಗಳಲ್ಲಿ ಬೇಡವಾದ ಅವನ ಮೈಕಟ್ಟು ಅಂತೂ ಒಂದು ಕಡೆ ಮಂಜೂರಾಯಿತು. ಚಪ್ಪಲಿ ಬಿಟ್ಟು ಹಲಗೆ ಹತ್ತಿದ. ಕೆಳಗಿನಿಂದ ಎಮ್ಮೆಯ ಉಸಿರು ಹಲಗೆಯನ್ನು ಎತ್ತಿ ಇಳಿಸುತ್ತಿತ್ತು. "ಹೂಂ, ಎಳೀರಿ!" ತಾಯಪ್ಪನ ಕಡೆಯವರು ಹಗ್ಗ ಎಳೆದು ಎಮ್ಮೆಯನ್ನು ಹೊರಳಿಸಿದರು. ಮಹೇಶಕುಮಾರ ಹಲಗೆಯಿಂದ ಸೆಗಣಿಗೆ ಬಿದ್ದ. ಡಾಕ್ಟರು ಕೈಯಾಡಿಸಿ ನೋಡಿ ತಲೆಯಲ್ಲಾಡಿಸಿದರು. ಮತ್ತೆ ಹೊರಳಿಸಿದರು. ಮತ್ತೆ ಬಿದ್ದ. ಮೂರನೆಯ ಸಲ ಡಾಕ್ಟರ ಕೈ ಒಳಗಿದ್ದಾಗಲೇ ಮುಖ ಅರಳಿತು. "ಬಿಟ್ಟಿತು! ದಾರಿ ಬಿಟ್ಟಿತು!"

ಕರು ಬಂತು. ಕರಿ ಮೈ, ಹಣೆಯ ಮೇಲೆ ಬಿಳಿ ಚುಕ್ಕೆ. ಉಸಿರಿರಲಿಲ್ಲ. ಡಾಕ್ಟರು ಅದನ್ನು ತಲೆಕೆಳಗೆ ಹಿಡಿದರು, ಎದೆ ತಿಕ್ಕಿದರು, ಮೂಗಿನಲ್ಲಿ ಕಡ್ಡಿ ಆಡಿಸಿದರು. ಬಹಳ ಹೊತ್ತು ಬಿಡಲಿಲ್ಲ. ಕೊನೆಗೆ ಅಂಬಾಬಾಯಿಯೇ "ಸಾಕು ಬಿಡ್ರಿ" ಎಂದು ಸೆರಗಿನಿಂದ ಅದರ ಮೂತಿ ಒರೆಸಿದಳು. ತಾಯಪ್ಪ ಅದನ್ನು ಗೋಣಿಯಲ್ಲಿ ಸುತ್ತಿ ಒಯ್ದ.

ಎಮ್ಮೆ ಮಾತ್ರ ಎದ್ದು ನಿಂತಿತು. ಮುಂದಿಟ್ಟ ನೀರು ಕುಡಿಯಿತು. ಡಾಕ್ಟರು ಕೈ ತೊಳೆದುಕೊಳ್ಳದೆ ಅದರ ಪಕ್ಕೆಗೆ ಹಣೆ ಹಚ್ಚಿ ನಿಂತರು. ಗುಡಿಯ ಮುಂದೆ ನಿಂತಂತೆಯೇ, ಆದರೆ ಇಲ್ಲಿ ಹೋಗೆಂದು ಹೇಳುವವರು ಯಾರೂ ಇರಲಿಲ್ಲ.

"ಎಷ್ಟ್ರಿ ಸಾಹೇಬ್ರ?" ಎಂದು ಅಂಬಾಬಾಯಿ ಕೇಳಿದಾಗ ಮಹೇಶಕುಮಾರನಿಗೆ ಉತ್ತರ ಗೊತ್ತಿತ್ತು. ಬೇಡವ್ವಾ ಎನ್ನುತ್ತಾರೆ, ಆಕೆ ಕಣ್ಣೊರೆಸಿಕೊಳ್ಳುತ್ತಾಳೆ, ಇವನಿಗೂ ಗಂಟಲು ಕಟ್ಟುತ್ತದೆ. ಅದಕ್ಕೆ ಅವನು ಗಂಟಲನ್ನು ಸಿದ್ಧ ಮಾಡಿಕೊಂಡೇ ನಿಂತಿದ್ದ.

"ಎರಡು ಸಾವಿರ" ಎಂದರು ಡಾಕ್ಟರು.

ಹಗ್ಗ ಸುತ್ತುತ್ತಿದ್ದ ತಾಯಪ್ಪನ ಕೈ ನಿಂತಿತು. ಅಂಬಾಬಾಯಿ ಡಾಕ್ಟರ ಮುಖ ನೋಡಿದಳು. "ಕರ ಸತ್ತದಲ್ರೀ... ಒಂದೀಟು ಕಡಿಮಿ..."

"ಇಲ್ರಿ."

ಆಕೆ ಒಳಗೆ ಹೋಗಿ ನೋಟು ತಂದು, ಅವರ ಕೈಗೆ ಕೊಡದೆ, ಕಳಚಿಟ್ಟ ಅಂಗಿಯ ಜೇಬಿಗೆ ತುರುಕಿದಳು. "ಇಷ್ಟು ರೊಕ್ಕ ತಗೊಂಡೀರಿ ಅಂದಮ್ಯಾಲ ನಾಳಿ ಬಂದು ನೋಡಬೇಕು ಮತ್ತ. ನಾಡದ್ದೂ ಬರಬೇಕು. ಕರ ಇಲ್ದ ಹಾಲು ಹೆಂಗ ಬಿಡ್ತದ, ಏನು ತಿನ್ನಿಸಬೇಕು, ಎಲ್ಲಾ ನೀವ ನಿಂತು ಹೇಳಬೇಕು. ಇನ್ನೊಂದೂ ಗಬ್ಬ ಅದ, ಅದನ್ನೂ ನೋಡಬೇಕು!"

"ಬರ್ತೀನ್ರಿ" ಎಂದರು ಡಾಕ್ಟರು, ಬೈಸಿಕೊಂಡ ಹುಡುಗನ ಹಾಗೆ.

ವಾಪಸು ಬರುವಾಗ ಇಬ್ಬರೂ ಸೆಗಣಿ ನಾರುತ್ತಿದ್ದರು. ಸಿಗ್ನಲ್ಲಿನಲ್ಲಿ ಪಕ್ಕದ ಕಾರಿನವರು ಗಾಜು ಏರಿಸಿಕೊಂಡರು. ಮಹೇಶಕುಮಾರನಿಗೆ ತಡೆಯಲಾಗಲಿಲ್ಲ. ಇಷ್ಟು ದಿನ ಕೌಂಟರಿನಲ್ಲಿ ಕೂತು ಯಾರನ್ನು ಸಮರ್ಥಿಸಿಕೊಂಡು ಬಂದೆನೋ ಎಂದು ಅವನಿಗೆ ಕಸಿವಿಸಿಯಾಗಿತ್ತು.

"ಸರ, ಸಿಟ್ಟಾಗಬ್ಯಾಡ್ರಿ. ಕರ ಉಳೀಲಿಲ್ಲ. ಆಕಿ ಬಡವಿ. ಎಮ್ಮಿ ಮುಟ್ಟಬೇಕಂತ ಜೀವ ಬಿಡತಿದ್ದವ್ರು ನೀವ. ಅಂಥಾದ್ರಾಗ ಆಕೀ ಕಡಿಂದ ರೊಕ್ಕ ತಗೊಳ್ಳಾಕ ಮನಸ್ಸರ ಹೆಂಗ ಬಂತ್ರಿ?"

"ಪುಗಸಟ್ಟೆ ಮಾಡಿದ್ರ ಕಾಲಿಗೆ ಬಿದ್ದು ಕಳಸ್ತಿದ್ಲು, ನಾಚಿಕೊಂಡು ಮತ್ತ ಕರೀತಿದ್ದಿಲ್ಲ" ಎಂದರು ಡಾಕ್ಟರು. "ನನಗ ಆಕಿ ಕರೀಬೇಕಾಗೇದ."