ಅಣ್ಣಮ್ಮ ಇಟಲಿಯಲ್ಲಿ ಹಿಟ್ಟು ತೊಳಸಿದ್ದು

ಬೆಳಿಗ್ಗೆ ಆರೂವರೆಗೆ ಬಾಣಸವಾಡಿಯ ಅಣ್ಣಮ್ಮ ಹಿತ್ತಲಿನ ಮೂರು ಕಲ್ಲಿನ ಒಲೆಯ ಮುಂದೆ ಕೂತು ಎಸರು ಕುದಿಯುವುದನ್ನು ಕಾಯುತ್ತಿದ್ದರು. ಮನೆಯೊಳಗೆ ನಾಲ್ಕು ಬರ್ನರಿನ ಗ್ಯಾಸ್ ಒಲೆ ಇದೆ, ಹೊಗೆ ಹೀರುವ ಚಿಮಣಿ ಇದೆ, ಇಟಲಿಯಿಂದ ಬಂದಿದ್ದೆಂದು ಅಂಗಡಿಯವನು ಹೇಳಿದ ಅಮೃತಶಿಲೆಯ ನೆಲವಿದೆ. ಅಲ್ಲಿ ರಾಗಿಹಿಟ್ಟು ಚೆಲ್ಲಿದರೆ ಸೊಸೆಗೆ ಬೇಸರವಾಗುತ್ತದೆ. ಆದ್ದರಿಂದ ಅರವತ್ತನಾಲ್ಕು ವರ್ಷದ ಅಣ್ಣಮ್ಮ ತಮ್ಮ ಹಿಟ್ಟನ್ನು ಹಿತ್ತಲಲ್ಲೇ ಮಾಡಿಕೊಳ್ಳುತ್ತಾರೆ. ಮುದ್ದೆಗೆ ಅವರು ಹಿಟ್ಟು ಎಂದೇ ಅನ್ನುವುದು.

ಮೇಲಿನ ಬಾಡಿಗೆ ಕೋಣೆಯ ಸಾಬಮ್ಮ ಒಗೆಯುವ ಕಲ್ಲಿನ ಮೇಲೆ ಕೂತು ಬೆಳ್ಳುಳ್ಳಿ ಬಿಡಿಸುತ್ತಿದ್ದಳು. ರಾಯಚೂರು ಕಡೆಯವಳು, ಗಂಡ ಹುಲಿಗೆಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಾನೆ, ಇವಳು ಮನೆಗೆಲಸಕ್ಕೆ. ಅಣ್ಣಮ್ಮನ ಹಿಟ್ಟು ಅವಳ ಬಾಯಲ್ಲಿ ಸಂಗಟಿ. ಅವಳು ಕೇಳಿದ ಕಥೆಯನ್ನೇ ಮತ್ತೆ ಕೇಳುತ್ತಿದ್ದಳು.

"ಅಮ್ಮಾರ, ಆ ಇಟಲಿ ಹಬ್ಬದಾಗ ಮಂದಿ ಖರೇನ ಸಾಲು ನಿಂತಿದ್ರೇನ್ರಿ, ಬರೇ ಸಂಗಟಿಗೆ?"

"ನಿಂತಿದ್ರು ಕಣೆ. ರೇಷನ್ ಅಂಗಡಿ ಮುಂದೆ ನಿಂತಂಗೆ."

"ಸಂಗಟಿ ಜೋಡಿ ಏನ್ರಿ?"

"ಚೀಸು. ಮಳೆಗಾಲದಲ್ಲಿ ಕಾಲುಚೀಲ ಒಣಗ್ದಿದ್ರೆ ಬರ್ತದಲ್ಲ, ಆ ವಾಸ್ನೆ."

ಅಣ್ಣಮ್ಮ ಇಟಲಿಗೆ ಹೋಗಿದ್ದು ಹಿಂದಿನ ವರ್ಷ, ಎರಡು ಸಾವಿರದ ನಾಲ್ಕರ ಅಕ್ಟೋಬರಿನಲ್ಲಿ. ಮಗ ಮುನೀಂದ್ರ ಕರೆದುಕೊಂಡು ಹೋಗಿದ್ದ. ಬಾಣಸವಾಡಿಯಿಂದ ಕೆ.ಆರ್. ಪುರದವರೆಗಿನ ಮೂವತ್ತೆಂಟು ಜನರ ತಂಡ. ಎಲ್ಲರೂ ಒಂದು ಕಾಲಕ್ಕೆ ಹೊಲ ಉತ್ತವರು, ಈಗ ಆ ಹೊಲಗಳಲ್ಲಿ ಎದ್ದ ಕಟ್ಟಡಗಳ ಬಾಡಿಗೆ ಎತ್ತುವವರು. ತಂಡದ ಜೊತೆಗೆ ಒಬ್ಬ ಅಡುಗೆಯವನೂ ಹೋಗಿದ್ದ. ಹನ್ನೆರಡು ದಿನದಲ್ಲಿ ಆರು ದೇಶ ನೋಡಿ, ಆರೂ ದೇಶಗಳಲ್ಲಿ ಅವರು ಅನ್ನ ಸಾರು ತಿಂದರು. ಹಿಮದ ಬೆಟ್ಟದ ತುದಿಯಲ್ಲಿ ಪುಳಿಯೋಗರೆ ತಿಂದದ್ದನ್ನು ಈಗಲೂ ಸಾಹಸವೆಂಬಂತೆ ಹೇಳಿಕೊಳ್ಳುತ್ತಾರೆ. ಯಾವ ಬೆಟ್ಟ ಎಂದು ಕೇಳಿದರೆ ಅವರಲ್ಲಿ ಒಬ್ಬರಿಗೂ ಹೆಸರು ಬರುವುದಿಲ್ಲ.

ಹೊರಡುವ ಮೊದಲೇ ಮನೆಯಲ್ಲಿ ಒಂದು ಜಗಳ ಹೊಗೆಯಾಡುತ್ತಿತ್ತು. ಮುನೀಂದ್ರನ ಮಗಳು ಭವ್ಯಳ ಮದುವೆ ಫೆಬ್ರವರಿಗೆ ನಿಶ್ಚಯವಾಗಿತ್ತು. ಮದುವೆಯ ನಂತರದ ಬೀಗರೂಟಕ್ಕೆ ಕೋಲು ಹಿಡಿದು ಹಿಟ್ಟು ತೊಳಸುವುದು ಆ ಮನೆಯಲ್ಲಿ ಅಣ್ಣಮ್ಮನ ಹಕ್ಕು. ಮೈದುನರ ಮದುವೆಗೆ, ನಾದಿನಿಯರ ಮದುವೆಗೆ, ಸ್ವತಃ ಮುನೀಂದ್ರನ ಮದುವೆಗೆ ಎಂಟುನೂರು ಎಲೆಗೆ ಅವರೇ ತೊಳಸಿದ್ದರು. ಮೊಮ್ಮಗಳ ಊಟಕ್ಕೂ ತಾವೇ ತೊಳಸಬೇಕು, ಆಮೇಲೆ ಕೋಲು ಇಟ್ಟುಬಿಡುತ್ತೇನೆ ಎಂದಿದ್ದರು. ಮುನೀಂದ್ರ ಒಪ್ಪಿರಲಿಲ್ಲ.

"ಬೀಗರು ಇಂದಿರಾನಗರದೋರು ಕಣಮ್ಮ. ಮುದ್ದೆ ಹಾಕಿದ್ರೆ ನಗ್ತಾರೆ."

"ಯಾವ ಇಂದಿರಾನಗರನೋ? ಅವರಪ್ಪ ದೊಮ್ಮಲೂರಲ್ಲಿ ಎಮ್ಮೆ ಮೇಯಿಸ್ತಿದ್ದ. ನಾನೇ ಹಾಲು ತಗೊಂಡಿದ್ದೀನಿ, ನೀರ್ ಹಾಲು."

ಆ ಮಾತು ನಿಜ. ಬೀಗರಿಗೂ ಅದು ಗೊತ್ತು. ಗೊತ್ತಿರುವುದರಿಂದಲೇ ಅವರ ಮನೆಯ ಊಟಗಳಲ್ಲಿ ರುಮಾಲಿ ರೋಟಿ ಇರುತ್ತದೆ, ಮುದ್ದೆ ಇರುವುದಿಲ್ಲ.

ಇಟಲಿಯ ಉತ್ತರ ಭಾಗದಲ್ಲಿ ಒಂದು ಮಧ್ಯಾಹ್ನ ತಂಡದ ಬಸ್ಸು ಒಂದು ಹಳ್ಳಿಯ ಹೊರಗೆ ನಿಂತಿತು. ಹಳ್ಳಿಯಲ್ಲಿ ಹಬ್ಬ, ರಸ್ತೆ ಬಂದ್. ಹೊಸ ಮುಸುಕಿನ ಜೋಳದ ಹಿಟ್ಟು ಬಂದ ಮೇಲೆ ವರ್ಷಕ್ಕೊಮ್ಮೆ ಊರಿನವರೆಲ್ಲ ಚೌಕದಲ್ಲಿ ಸೇರಿ ಅದನ್ನು ಬೇಯಿಸಿ ತಿನ್ನುತ್ತಾರೆ, ಹೇಗೂ ಎರಡು ಗಂಟೆ ಇದೆ, ನೋಡಿ ಬನ್ನಿ ಎಂದ ಗೈಡು. ಮೂವತ್ತೆಂಟು ಜನರಲ್ಲಿ ಹದಿನೈದು ಜನ ಇಳಿದರು. ಉಳಿದವರು ಬಸ್ಸಿನಲ್ಲೇ ಕೂತು ಚಕ್ಕುಲಿ ತಿಂದರು.

ಚೌಕದಲ್ಲಿ ಕಟ್ಟಿಗೆಯ ಒಲೆಗಳ ಮೇಲೆ ಎರಡು ತಾಮ್ರದ ಹಂಡೆಗಳು. ಕೊರಳಿಗೆ ಕೆಂಪು ವಸ್ತ್ರ ಕಟ್ಟಿದ ಗಂಡಸರು ಆಳುದ್ದದ ಕೋಲಿನಿಂದ ಜೋಳದ ಹಿಟ್ಟು ತಿರುವುತ್ತಿದ್ದರು. ಹೆಂಗಸರು ಬೆಂಚುಗಳ ಮೇಲೆ ಕೂತು ವೈನ್ ಕುಡಿಯುತ್ತಿದ್ದರು. ಅದಕ್ಕೆ ಪೊಲೆಂಟಾ ಎನ್ನುತ್ತಾರೆ ಎಂದು ಗೈಡು ವಿವರಿಸಿದ. ಅಣ್ಣಮ್ಮನಿಗೆ ವಿವರಣೆ ಬೇಕಿರಲಿಲ್ಲ. ಅವರು ಎರಡನೇ ಹಂಡೆಯ ಬಳಿ ನಿಂತು, ಆ ಊರಿನ ಹೊಟ್ಟೆ ದಪ್ಪದ ಅಡುಗೆಯವನು ಕುದಿವ ನೀರಿಗೆ ಹಿಡಿಹಿಡಿಯಾಗಿ ಹಿಟ್ಟು ಉದುರಿಸುತ್ತ ಮೊದಲ ಹಿಡಿಯಿಂದಲೇ ತಿರುವುತ್ತಿದ್ದುದನ್ನು ನೋಡಿದರು.

"ಇವನಿಗೆ ಯಾರೂ ಕಲಿಸಿಲ್ಲ" ಎಂದರು ಮಗನಿಗೆ.

ರಾಗಿಯ ಲೆಕ್ಕದಲ್ಲಿ ಅದು ಹೊಸ ಸೊಸೆ ಮಾಡುವ ತಪ್ಪು. ರಾಗಿಹಿಟ್ಟನ್ನು ಎಸರಿನ ನಡುವೆ ಗುಡ್ಡೆಯಾಗಿ ಸುರಿದು, ಕೋಲಿನಿಂದ ತೂತು ಮಾಡಿ, ಮುಟ್ಟದೆ ಬೇಯಲು ಬಿಡಬೇಕು. ತೊಳಸುವುದು ಕೊನೆಗೆ. ಮೊದಲೇ ಕಲಕಿದರೆ ಅಂಬಲಿಯಾಗುತ್ತದೆ.

ಪ್ರವಾಸಿಗಳು ಫೋಟೋ ತೆಗೆಸಿಕೊಳ್ಳಲಿ ಎಂದು ಅಡುಗೆಯವನು ನಗುತ್ತ ಕೋಲನ್ನು ಅಣ್ಣಮ್ಮನ ಕೈಗೆ ಕೊಟ್ಟ. ಅವರು ಫೋಟೋಗೆ ನಿಲ್ಲಲಿಲ್ಲ. ಪಕ್ಕದ ಬೋಗುಣಿಯಲ್ಲಿ ಉಳಿದಿದ್ದ ಹಿಟ್ಟನ್ನೆಲ್ಲ ಹಂಡೆಯ ನಡುವೆ ಗುಡ್ಡೆ ಸುರಿದರು. ಕೋಲಿನಿಂದ ತೂತು ಮಾಡಿದರು. ಕೋಲು ಹೊರಗೆಳೆದು, ಮುಂದೆ ಬಂದ ಅಡುಗೆಯವನನ್ನು ಬಲಗೈ ಎತ್ತಿ ತಡೆದರು. ಭಾರತದಲ್ಲಿ ಅನ್ನ ಬೇಯಿಸುವಾಗ ಪ್ರಾರ್ಥನೆ ಇರಬೇಕೆಂದುಕೊಂಡ ಅವನು ಹಿಂದೆ ಸರಿದು ಟೋಪಿ ತೆಗೆದ. ಅವನನ್ನು ನೋಡಿ ಅಕ್ಕಪಕ್ಕದವರೂ ಟೋಪಿ ತೆಗೆದು ಸುಮ್ಮನಾದರು. ಐದು ನಿಮಿಷ ಚೌಕದಲ್ಲಿ ಮಾತಿರಲಿಲ್ಲ.

ಕೆಳಗೆ ಒಣ ಕಟ್ಟಿಗೆಯ ಜೋರು ಉರಿ. ರಾಗಿಗೆ ಒಪ್ಪುವುದನ್ನು ಜೋಳದ ತರಿ ಒಪ್ಪಲಿಲ್ಲ, ಮುಳುಗಿ ತಳಕ್ಕೆ ಕೂತಿತು. ಸೀದ ವಾಸನೆ ಮೊದಲು ಗೊತ್ತಾಗಿದ್ದು ಅಡುಗೆಯವನಿಗೆ, ಮರುಕ್ಷಣ ಅಣ್ಣಮ್ಮನಿಗೆ. ಅವನು ಕೋಲು ಕಿತ್ತುಕೊಂಡು ತಿರುವಿದಾಗ ತಳದ ಕಪ್ಪು ಹಕ್ಕಳೆಗಳು ಮೇಲೆದ್ದವು, ಜೊತೆಗೆ ಗೋಲಿ ಗಾತ್ರದ ಗಂಟುಗಳು. ಪ್ರಾರ್ಥನೆ ಮುಗಿಯಿತೆಂದು ಜನ ಚಪ್ಪಾಳೆ ತಟ್ಟಿದರು. ಹಂಡೆಯನ್ನು ಚೆಲ್ಲಲಿಲ್ಲ. ಚೀಸು ಹೆಚ್ಚಾಗಿ ಹಾಕಿ ಬಡಿಸಿದರು, ಜನ ಸಾಲು ನಿಂತು ಹಾಕಿಸಿಕೊಂಡು ಹೊಗಳುತ್ತ ತಿಂದರು. ಅಣ್ಣಮ್ಮ ಎರಡು ತುತ್ತು ತಿಂದು ತಟ್ಟೆ ಇಟ್ಟರು.

ಮುನೀಂದ್ರ ಒಂದು ಫೋಟೋ ತೆಗೆದಿದ್ದ. ಕೈ ಎತ್ತಿ ನಿಂತ ತಾಯಿ, ಟೋಪಿ ತೆಗೆದು ನಿಂತ ಇಟಲಿಯವರು. ಊರಿಗೆ ಬಂದು ಪುಲಿಕೇಶಿನಗರದ ಸ್ಟುಡಿಯೋದಲ್ಲಿ ಅದನ್ನು ಬಾಗಿಲಷ್ಟು ದೊಡ್ಡದು ಮಾಡಿಸಿ ಹಾಲಿನಲ್ಲಿ ಹಾಕಿದ. ಬೀಗರು ಬಂದು ನೋಡಿ ಬೆರಗಾದರು. ಅಂದಿನಿಂದ ಮುನೀಂದ್ರನಿಗೆ ಮುದ್ದೆ ಹೆಮ್ಮೆಯ ವಿಷಯ. ಅದರಲ್ಲಿರುವ ಕ್ಯಾಲ್ಸಿಯಂ ಬಗ್ಗೆ ಮಾತಾಡುತ್ತಾನೆ. ಹುಟ್ಟಿದಾಗಿನಿಂದ ತಾಯಿ ಉಣ್ಣಿಸಿದ್ದು ಊಟ ಹೌದೆಂದು ಅವನಿಗೆ ಖಾತ್ರಿಯಾಗಲು ಬಿಳಿಯರು ಸಾಲು ನಿಲ್ಲಬೇಕಾಯಿತು.

ಆ ಬೆಳಿಗ್ಗೆ, ಎಸರು ಕುದಿ ಬಂದ ಹೊತ್ತಿಗೆ, ಅವನು ಛತ್ರದ ನಕ್ಷೆ ಹಿಡಿದುಕೊಂಡು ಹಿತ್ತಲಿಗೆ ಬಂದ.

"ಅಮ್ಮ, ಬೀಗರೂಟಕ್ಕೆ ಹಿಟ್ಟು ನಿಂದೇ. ಸ್ಟೇಜ್ ಪಕ್ಕ ತಾಮ್ರದ ಹಂಡೆ ಇಡುಸ್ತೀನಿ, ಲೈಟ್ ಹಾಕುಸ್ತೀನಿ. ರೇಷ್ಮೆ ಸೀರೆ ಉಟ್ಕೊಂಡು ಎಲ್ಲರ ಮುಂದೆ ತೊಳಸು. ವಿಡಿಯೋದವನಿಗೆ ಹೇಳಾಗಿದೆ."

ಅಣ್ಣಮ್ಮ ಎಸರಿಗೆ ಹಿಟ್ಟು ಸುರಿದರು.

"ಸೆರಗಿಗೆ ಬೆಂಕಿ ಹತ್ಕೊಂಡ್ರೆ ಅದನ್ನೂ ವಿಡಿಯೋ ಮಾಡಿಸ್ತೀಯಾ?"

"ಇಟಲೀಲಿ ಅಷ್ಟು ಜನದ ಮುಂದೆ ಮಾಡ್ಲಿಲ್ವಾ?"

"ಅಲ್ಲಿ ತಳ ಹಿಡಿಸ್ದೆ."

"ಅದು ಯಾರಿಗಮ್ಮ ಗೊತ್ತು?"

"ತಿಂದೋರಿಗೆ ಗೊತ್ತು. ನಂಗೆ ಗೊತ್ತು. ತಳ ಹಿಡಿಸ್ದೋಳಿಗೆ ಚಪ್ಪಾಳೆ ತಟ್ಟಿದ್ರು, ನೀನು ಅದಕ್ಕೆ ಫ್ರೇಮ್ ಹಾಕ್ಸಿದೀಯ. ಎಂಟುನೂರು ಎಲೆಗೆ ಗಂಟಿಲ್ದೆ ತೊಳಸ್ದಾಗ ನೀನು ಕೈ ತೊಳ್ಕೊಂಡು ಎದ್ದೋದೆ."

ಸಾಬಮ್ಮ ಬೆಳ್ಳುಳ್ಳಿಯ ಮೇಲಿಂದ ಕಣ್ಣೆತ್ತಲಿಲ್ಲ.

"ಹಂಗಾದ್ರೆ ಬೇಡ್ವಾ?" ಎಂದ ಮುನೀಂದ್ರ.

"ಹಿತ್ತಲಲ್ಲಿ ಮಾಡ್ತೀನಿ. ಹಳೇ ಸೀರೇಲಿ. ಬಿಸಿ ಇದ್ದಂಗೇ ತಗೊಂಡೋಗಿ ಬಡಿಸು. ಆಗಲ್ಲ ಅಂದ್ರೆ ನಿನ್ನ ಬೀಗರಿಗೆ ಕ್ಯಾಲ್ಸಿಯಂ ಮಾತ್ರೆ ಕೊಡು."

ಮುನೀಂದ್ರ ನಕ್ಷೆ ಮಡಚಿಕೊಂಡು ಒಳಗೆ ಹೋದ. ಸಂಜೆಯೊಳಗೆ ದಾರಿ ಹುಡುಕಿದ್ದ. ಸ್ಟೇಜ್ ಪಕ್ಕ ಹಂಡೆ ಇರುತ್ತದೆ. ಅಡುಗೆ ಗುತ್ತಿಗೆದಾರನ ಕಡೆಯವನೊಬ್ಬ ಕೆಂಪು ಪೇಟ ಸುತ್ತಿಕೊಂಡು ಅದರಲ್ಲಿ ಬಿಸಿನೀರು ತಿರುವುತ್ತಾನೆ. ಎಲೆಗೆ ಬೀಳುವ ಮುದ್ದೆ ಬಾಣಸವಾಡಿಯ ಹಿತ್ತಲಿಂದ ಟೆಂಪೋದಲ್ಲಿ ಬರುತ್ತದೆ.

ಬೀಗರೂಟ ಬರುವ ಭಾನುವಾರ. ಹಿತ್ತಲಲ್ಲಿ ಒಲೆ ಹಚ್ಚುವುದು ಬೆಳಿಗ್ಗೆ ಎಂಟಕ್ಕೆ. ಹಂಡೆ ಅಲುಗದಂತೆ ಕವೆಗೋಲು ಒತ್ತಿ ಹಿಡಿಯಲು ಸಾಬಮ್ಮ ಕೆಲಸದ ಮನೆಗಳಿಗೆ ರಜೆ ಹೇಳಿದ್ದಾಳೆ.