ನಾಲ್ಕರ ಒಳಗಿನ ಅಂಕಿ

ಕೊರೊನಾ ಕಳೆದ ಮರುವರ್ಷದ ಮಾತು, ಮಕ್ಕಳೇ. ಆಗ ನಾನು ಶಿರಸಿಯ ಒಂದು ರಕ್ತಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದೆ. ಔಷಧಿ ಅಂಗಡಿಯ ಹಿಂದೆ ಎರಡು ಕೋಣೆ, ಅಷ್ಟೇ ಲ್ಯಾಬು. ಮುಂದಿನ ಕೋಣೆಯಲ್ಲಿ ಮಾಲೀಕ ಪ್ರಕಾಶ ಮತ್ತು ಅವನ ಕಂಪ್ಯೂಟರು. ಒಳಕೋಣೆಯಲ್ಲಿ ಒಂದು ಕುರ್ಚಿ, ಒಂದು ಹಸಿರು ಪರದೆ ಮತ್ತು ನಾನು. ಬಿಳಗಿಯಲ್ಲಿ ಎಸ್ಸೆಸ್ಸೆಲ್ಸಿವರೆಗೆ ಓದಿದ್ದ ನಾನು ನಿಮ್ಮ ಅಜ್ಜ ತೀರಿಕೊಂಡ ಮೇಲೆ ಆಸ್ಪತ್ರೆಯೊಂದರಲ್ಲಿ ಆರು ತಿಂಗಳು ಕಲಿತು ಇಲ್ಲಿಗೆ ಸೇರಿದ್ದೆ. ರಕ್ತ ತೆಗೆಯುವುದು, ಟ್ಯೂಬಿಗೆ ಹೆಸರು ಅಂಟಿಸುವುದು, ಹುಬ್ಬಳ್ಳಿಯಿಂದ ಬಂದ ವರದಿಯನ್ನು ರಿಜಿಸ್ಟರಿನಲ್ಲಿ ಬರೆದುಕೊಂಡು ಕವರಿಗೆ ಹಾಕುವುದು ನನ್ನ ಕೆಲಸ. ಸೂಜಿ ಹಿಡಿಯಲು ಹೆದರಿಕೆ ಆಗುತ್ತಿರಲಿಲ್ಲವೇ ಎಂದು ನೀವು ಕೇಳುತ್ತಿರುತ್ತೀರಿ. ಸೂಜಿ ನನಗೆ ಬೇಗ ಒಗ್ಗಿತು. ಬಾಯಿ ತೆರೆಯುವುದೇ ಒಗ್ಗಲಿಲ್ಲ.

ಕೆಲಸಕ್ಕೆ ಹೊರಟಾಗ ಸಿದ್ದಾಪುರದ ಹತ್ತಿರದ ಮನ್ಮನೆಯ ನಮ್ಮ ಮನೆಯಲ್ಲಿ ಗದ್ದಲವಾಗಿತ್ತು. ನಿಮ್ಮ ಅಜ್ಜನ ಅಣ್ಣ, ನೀವು ದೊಡ್ಡಜ್ಜ ಎಂದು ಕರೆಯುವವರು, ನನಗೆ ಭಾವ. ಅವರು ಜಗಲಿಯಲ್ಲಿ ನಿಂತು, "ನಮ್ಮನೆ ಹೆಣ್ಮಕ್ಕ ಊರವರ ಉಚ್ಚೆ ಬಾಟ್ಲಿ ಹಿಡಿಯ ಹಾಂಗೆ ಆತನೇ?" ಎಂದರು. ಕೇಳಿದ್ದು ತಮ್ಮ ಹೆಂಡತಿಯನ್ನು, ನಾನು ಅಕ್ಕ ಎನ್ನುವವಳನ್ನು. ಉತ್ತರ ಕೊಡಬೇಕಾದ ನಾನು ಬಾಗಿಲ ಹಿಂದಿದ್ದೆ. ಗಂಡನ ಅಣ್ಣನ ಎದುರು ನೇರವಾಗಿ ಮಾತಾಡುವ ರೂಢಿ ನಮ್ಮ ಮನೆಯಲ್ಲಿ ಇರಲಿಲ್ಲ. ಬಡಿಸುವಾಗ "ಅನ್ನ ಬೇಕನ ಕೇಳು" ಎಂದು ನಾನು ಅಕ್ಕನಿಗೆ ಹೇಳುವುದು, "ಸಾಕು ಹೇಳು" ಎಂದು ಅವರೂ ಅಕ್ಕನಿಗೇ ಹೇಳುವುದು. ಬೇರೆ ಮನೆಗಳಲ್ಲಿ ಇದು ಎಂದೋ ಬಿಟ್ಟುಹೋಗಿತ್ತು. ನಾನು ನಾಚಿಕೆಯವಳು, ಅವರು ಗತ್ತಿನವರು. ಹಾಗಾಗಿ ಇಪ್ಪತ್ತಾರು ವರ್ಷ ನಡೆದುಕೊಂಡು ಬಂತು.

ಭಾವ ಸರ್ಕಾರಿ ಬಸ್ಸಿನ ಡ್ರೈವರ್ ಆಗಿದ್ದರು. ಶಿರಸಿಯಿಂದ ಮಂಚಿಕೇರಿ, ಯಲ್ಲಾಪುರ, ಅರಬೈಲ್ ಘಟ್ಟ ಇಳಿದು ಅಂಕೋಲೆ. ನಿವೃತ್ತಿಯಾದ ಮೇಲೆ ಪ್ರಾಸ್ಟೇಟ್ ಗ್ರಂಥಿಯಲ್ಲಿ ಕ್ಯಾನ್ಸರ್ ಕಂಡಿತು. ಹುಬ್ಬಳ್ಳಿಯಲ್ಲಿ ಆಪರೇಶನ್ ಮಾಡಿ ಗ್ರಂಥಿಯನ್ನೇ ತೆಗೆದರು. ಮೂರು ತಿಂಗಳಿಗೊಮ್ಮೆ ಪಿಎಸ್ಎ ಎಂಬ ರಕ್ತಪರೀಕ್ಷೆ ಮಾಡಿಸಿ ವರದಿ ತಂದು ತೋರಿಸಬೇಕೆಂದು ಅಲ್ಲಿಯ ಡಾಕ್ಟರು ಹೇಳಿದ್ದರು. ಆ ಗ್ರಂಥಿಯಿಂದ ರಕ್ತಕ್ಕೆ ಸೇರುವ ಒಂದು ಅಂಶವನ್ನು ಅಳೆಯುವ ಪರೀಕ್ಷೆ ಅದು.

ಶಿರಸಿಯಲ್ಲಿ ಲ್ಯಾಬುಗಳಿಗೆ ಬರವಿರಲಿಲ್ಲ. ಆದರೂ ಭಾವ ನನ್ನ ಕುರ್ಚಿಗೇ ಬಂದರು. ತೋಳು ಚಾಚಿ, ಗೋಡೆ ನೋಡುತ್ತ, "ಪ್ರಕಾಶಾ, ಎಡಗೈಯ ಬಲಗೈಯ ಕೇಳು" ಎಂದರು.

"ಎದುರಿಗೇ ನಿಂತಿದ್ದಾರಲ್ಲ ಡ್ರೈವರ್ ಸಾಹೇಬ್ರೇ, ನಾನೇನು ಫೋನಾ?" ಎಂದ ಪ್ರಕಾಶ.

ಅವರ ನರ ಸಿಗುತ್ತಿರಲಿಲ್ಲ. ಎರಡು ಸಲ, ಮೂರು ಸಲ ಚುಚ್ಚಬೇಕಾಗುತ್ತಿತ್ತು. ನೀರು ಕುಡಿಯದೆ ಬಂದವರ ನರ ಹಾಗೆ ಬತ್ತಿರುತ್ತದೆ. ಈ ಪರೀಕ್ಷೆಗೆ ಉಪವಾಸ ಬೇಡ, ನೀರು ಕುಡಿದು ಬರಬೇಕೆಂದು ಪ್ರಕಾಶನ ಮೂಲಕ ಹೇಳಿಸಿದೆ. ಮುಂದಿನ ಸಲವೂ ಒಣ ತುಟಿಯಲ್ಲೇ ಬಂದರು. ಹಟ ಎಂದುಕೊಂಡೆ.

ಮೊದಲ ಎರಡು ವರದಿ 0.03. ಮೂರನೆಯದು 0.07, ನಾಲ್ಕನೆಯದು 0.14. ಅಂಕಿಯ ಪಕ್ಕದಲ್ಲಿ ಸಾಮಾನ್ಯ ಮಿತಿ ಸೊನ್ನೆಯಿಂದ ನಾಲ್ಕು ಎಂದು ಅಚ್ಚಾಗಿರುತ್ತದೆ. ಮಿತಿ ದಾಟಿದ ಅಂಕಿ ಮಾತ್ರ ದಪ್ಪ ಅಕ್ಷರದಲ್ಲಿ ಬರುತ್ತದೆ. ನಮ್ಮ ಕಡೆಯವರು ವರದಿ ಓದುವುದೇ ಹಾಗೆ. ದಪ್ಪ ಅಕ್ಷರ ಹುಡುಕುತ್ತಾರೆ, ಇಲ್ಲದಿದ್ದರೆ ಮಡಚಿ ಇಡುತ್ತಾರೆ. ನನಗೆ ಮಾತ್ರ ರಿಜಿಸ್ಟರಿನ ಹಳೆಯ ಪುಟಗಳು ಕಾಣುತ್ತಿದ್ದವು.

ಶನಿವಾರ ಬರುತ್ತಿದ್ದ ಪೆಥಾಲಜಿಯ ಡಾಕ್ಟರಮ್ಮನಿಗೆ ಹೆಸರು ಹೇಳದೆ, ಗ್ರಂಥಿ ತೆಗೆಸಿಕೊಂಡವರದ್ದು ಎಂದಷ್ಟೇ ಹೇಳಿ ನಾಲ್ಕೂ ಅಂಕಿ ತೋರಿಸಿದೆ.

"ಗ್ರಂಥಿಯೇ ಇಲ್ಲದವರಿಗೆ ನಾಲ್ಕರ ಮಿತಿ ಯಾಕ್ರಿ? ಅವರದ್ದು ಸೊನ್ನೆ ಹತ್ತಿರವೇ ಇರಬೇಕು. ಎಷ್ಟಿದೆ ಅನ್ನೋದರ ಜೊತೆ ಎಷ್ಟು ಬೇಗ ಇಮ್ಮಡಿ ಆಗ್ತಿದೆ ಅಂತ ನೋಡಬೇಕು. ಮೂರು ತಿಂಗಳಿಗೆ ಇಮ್ಮಡಿ ಅಂದರೆ ರೋಗ ಮತ್ತೆ ತಲೆ ಎತ್ತುತ್ತಿರಬಹುದು, ಅದೂ ಅವಸರದಲ್ಲಿ. ಅಂಕಿ ಚಿಕ್ಕದಿರುವಾಗಲೇ, ಸೊನ್ನೆ ಪಾಯಿಂಟ್ ಐದು ಮುಟ್ಟೋ ಮುಂಚೆಯೇ ರೇಡಿಯೇಶನ್ ಕೊಟ್ಟರೆ ಹಿಡಿತಕ್ಕೆ ಸಿಗೋ ಸಾಧ್ಯತೆ ಹೆಚ್ಚು. ಇವರ ಡಾಕ್ಟ್ರು ನೋಡ್ತಿದ್ದಾರೆ ತಾನೇ?"

ಹೌದೆಂದು ತಲೆಯಾಡಿಸಿದೆ. ಹಾಗೆಂದೇ ನಂಬಿದ್ದೆ.

ಐದನೆಯ ವರದಿ 0.29. ಆ ವಾರ ಅಕ್ಕನಿಗೆ ಫೋನ್ ಮಾಡಿ, ಹುಬ್ಬಳ್ಳಿಯ ಡಾಕ್ಟರು ಏನೆಂದರು ಎಂದು ಕೇಳಿದೆ.

"ಹುಬ್ಬಳ್ಳಿಗೆ ಹೋಗದ್ದೆ ಮೂರು ರಿಪೋರ್ಟ್ ಆತು. ದಪ್ಪ ಅಕ್ಷರ ಒಂದೂ ಇಲ್ಲೆ, ಎಂತಕ್ಕೆ ಹೋಪದು ಹೇಳ್ತ" ಎಂದಳು ಅಕ್ಕ. ನಾನು ಉಸಿರೆಳೆದುಕೊಂಡದ್ದು ಕೇಳಿಸಿತೋ ಏನೋ, "ನೀನು ಎಂತಾದ್ರೂ ಹೇಳಿ ಹೆದರ್ಸಡ ಮಾರಾಯ್ತಿ. ಈಗಷ್ಟೇ ಸಮಾಧಾನದಲ್ಲಿ ಇದ್ದ" ಎಂದೂ ಸೇರಿಸಿದಳು.

ಪ್ರಕಾಶನ ಬಳಿ ಹೋದೆ. ವರದಿಯ ಬಗ್ಗೆ ನಾವು ಮಾತಾಡಬಾರದು ಎಂಬುದು ಅವನ ನಿಯಮ. ನನಗಿಂತ ಮೊದಲಿದ್ದ ಹುಡುಗಿಯೊಬ್ಬಳು ಸಕ್ಕರೆ ಕಾಯಿಲೆಯವರಿಗೆ ಕಾಲು ಹೋಗುತ್ತದೆ ಎಂದು ಹೆದರಿಸಿ ದೊಡ್ಡ ಜಗಳವಾಗಿ, ಅದೇ ದಿನ ಕೆಲಸ ಕಳೆದುಕೊಂಡಿದ್ದಳು. "ಅವರಿಗೆ ಡಾಕ್ಟ್ರಿದ್ದಾರೆ ಅಮ್ಮ. ನಾವು ಕಾಗದ ಕೊಡುವವರು" ಎಂದ.

ಮನೆಯ ರೂಢಿ ಒಂದು ಕಡೆ, ಲ್ಯಾಬಿನ ನಿಯಮ ಒಂದು ಕಡೆ, ಅಕ್ಕನ ಮಾತು ಇನ್ನೊಂದು ಕಡೆ. ಆ ಕೋಣೆಗೆ ಕಿಟಕಿ ಇಲ್ಲ ಎಂಬುದು ಅಷ್ಟು ವರ್ಷದಲ್ಲಿ ಆಗ ಮೊದಲು ಗಮನಕ್ಕೆ ಬಂತು. ಕೊನೆಗೆ ನಾನು ಕಂಡುಕೊಂಡ ದಾರಿ ಹೇಡಿಯದು. ಐದೂ ಅಂಕಿಯನ್ನು ತಾರೀಕು ಸಮೇತ ಒಂದು ಹಾಳೆಯಲ್ಲಿ ಸಾಲಾಗಿ ಬರೆದು, ಬಾಯಿ ಬಿಡದೆ ಕವರಿನೊಳಗೆ ಇಟ್ಟೆ. ಅವರ ವರದಿ ಯಾವಾಗಲೂ ಹಳೇ ಪರಿಚಯದ ಕಂಡಕ್ಟರ್ ಕೈಯಲ್ಲಿ ಸಿದ್ದಾಪುರದ ಬಸ್ಸಿಗೆ ಹೋಗುತ್ತಿತ್ತು. ಅದೂ ಹಾಗೇ ಹೋಯಿತು. ಓದುತ್ತಾರೆ, ಕೇಳುತ್ತಾರೆ ಎಂದು ಮೂರು ತಿಂಗಳು ಕಾದೆ.

ಆರನೆಯ ಸಲ ರಕ್ತ ಕೊಟ್ಟು, ವಾಪಸು ಬಸ್ಸಿನ ವೇಳೆ ನೋಡಲು ಜೇಬಿನಿಂದ ಒಂದು ಹಾಳೆ ತೆಗೆದರು. ನನ್ನದೇ ಹಾಳೆ. ಹಿಂಬದಿಯಲ್ಲಿ ಬಸ್ಸುಗಳ ವೇಳೆ ಬರೆದುಕೊಂಡಿದ್ದರು.

ಮರುದಿನ ಬಂದ ಅಂಕಿ 0.61. ಆಗಲೂ ತೆಳು ಅಕ್ಷರ. ಆ ಕವರನ್ನು ನಾನು ಬಸ್ಸಿಗೆ ಕೊಡಲಿಲ್ಲ, ನನ್ನ ಡ್ರಾವರಿಗೆ ಹಾಕಿ ಬೀಗ ಹಾಕಿದೆ. ಕೆಲಸದಲ್ಲಿ ನಾನು ಮಾಡಿದ ಒಂದೇ ತಪ್ಪು ಅದು, ಬೇಕೆಂದೇ ಮಾಡಿದ್ದು. ಬಂದೇ ಒಯ್ಯಬೇಕಂತೆ ಎಂದು ಪ್ರಕಾಶನಿಂದ ಫೋನ್ ಮಾಡಿಸಿದೆ. ಮೂರನೆಯ ದಿನ ಭಾವ ಸಿಟ್ಟಿನಲ್ಲೇ ಬಂದರು.

"ಪ್ರಕಾಶಾ, ಕವರು ಕಳಿಸಲೆ ಎಂತ ಧಾಡಿ ಹೇಳಿ ಕೇಳು."

ಪ್ರಕಾಶ ನನ್ನ ಮುಖ ನೋಡಿದ. ನಾನೇ ಎದ್ದೆ. ಪರದೆ ಸರಿಸಿ, "ಭಾವ, ಒಳಗೆ ಬಂದು ಕೂತ್ಗಳಿ" ಎಂದೆ.

ಅವರು ಬಂದು ಕೂತರು. ಬೆರಗಿನಿಂದಲೇ ಕೂತಿರಬೇಕು. ಅವರ ಹೆಗಲಾಚೆಯ ಗೋಡೆ ನೋಡುತ್ತ ಕೇಳಿದೆ: "ಅರಬೈಲ್ ಘಟ್ಟ ಹತ್ತಕಾದ್ರೆ ಎಂಜಿನ್ ಬಿಸಿಯ ಮುಳ್ಳು ಕೆಂಪು ಗೆರೆಗೆ ಬಂದ ಮೇಲೆ ಬಸ್ಸು ನಿಲ್ಲಿಸ್ತಿದ್ರ, ಏರದು ಕಂಡಾಗಲೇ ನಿಲ್ಲಿಸ್ತಿದ್ರ?"

"ಕೆಂಪಿಗೆ ಬಪ್ಪಲ್ಲಿವರೆಗೆ ಕಾಯವ ಡ್ರೈವರ್ರೇ ಅಲ್ಲ" ಎಂದರು, ಬಾಯಿಗೆ ಬಂದ ಹಾಗೆ.

ಹೊಸ ಹಾಳೆ ಎದುರಿಗಿಟ್ಟೆ. ಆರು ಅಂಕಿ. ಬೆರಳಿಟ್ಟು ಒಂದೊಂದೇ ಓದಿದರು. 0.07ರಿಂದ ಬೆರಳು ನಿಧಾನವಾಯಿತು. ಕೊನೆಯ ಅಂಕಿಯಿಂದ ಬೆರಳು ಎತ್ತಲೇ ಇಲ್ಲ.

"ನಾಲ್ಕು ಕೆಂಪು ಗೆರೆ ಅಲ್ಲ ಭಾವ, ನಿಂಗಳ ಪಾಲಿಗೆ ಅಲ್ಲ. ನಾಳೆಯೇ ಹುಬ್ಬಳ್ಳಿಗೆ ಹೋಗವು."

ಹಾಳೆ ಮಡಚಿ ಜೇಬಿಗೆ ಹಾಕಿಕೊಂಡರು. ಆಮೇಲೆ ಇನ್ನಾರಿಗೂ ಹೇಳದೆ ಇದ್ದದ್ದನ್ನು ನನಗೆ ಹೇಳಿದರು. "ಮೂರು ತಾಸು ಬಸ್ಸಲ್ಲಿ ಕೂರಲೆ ಆಗ್ತಿಲ್ಲೆ ತಂಗೀ. ಆಪರೇಶನ್ ಆದ ಮೇಲೆ ಉಚ್ಚೆ ನಿಲ್ತಿಲ್ಲೆ. ಹೋದ ಸಲ ಮುಂಡಗೋಡ ದಾಟಿದ ಮೇಲೆ, ಬಸ್ಸು ನಿಲ್ಸು ಹೇಳಿ ಡ್ರೈವರಂಗೆ ಕೈ ಮುಗಿದೆ. ಅವ ಯನ್ನ ಹತ್ರ ಬಸ್ಸು ಕಲ್ತವ. ಅಷ್ಟೊತ್ತಿಗೆ ಪಂಚೆ ಒದ್ದೆ ಆಗಿತ್ತು."

ಒಣ ತುಟಿ, ಬತ್ತಿದ ನರ ಎಲ್ಲವೂ ಆಗ ತಿಳಿಯಿತು. ಶಿರಸಿಯವರೆಗೆ ಬರಲೂ ಅವರು ನೀರು ಬಿಟ್ಟಿದ್ದರು. ದಪ್ಪ ಅಕ್ಷರ ಇಲ್ಲ ಎಂಬುದು ಹೋಗದಿರಲು ಸಿಕ್ಕ ನೆಪವಾಗಿತ್ತು.

ಮುಂದಿನ ಔಷಧಿ ಅಂಗಡಿಯಿಂದ ದೊಡ್ಡವರು ಹಾಕಿಕೊಳ್ಳುವ ಡೈಪರ್ ತಂದು, ಹೇಗೆ ಕಟ್ಟಿಕೊಳ್ಳಬೇಕೆಂದು ಹೇಳಿದೆ. ಅವರು ತಲೆ ತಗ್ಗಿಸಿದರು. "ಊರವರ ಉಚ್ಚೆ ಬಾಟ್ಲಿ ಹಿಡಿದ ಕೈ ಇದು ಭಾವ. ಇದರಲ್ಲಿ ಯಂಗೆಂತ ನಾಚಿಕೆ ಇಲ್ಲೆ" ಎಂದೆ. ಹೇಳಿದ ಮೇಲೆ ನನಗೇ ಹೆದರಿಕೆಯಾಯಿತು. ಅವರು ಮಾತ್ರ ನಕ್ಕರು. ನಗುತ್ತಲೇ ಕಣ್ಣು ಒರೆಸಿಕೊಂಡರು.

ಮರುದಿನ ಹೋದರು. ಸ್ಕ್ಯಾನ್ ಆಯಿತು, ರೇಡಿಯೇಶನ್ ಶುರುವಾಯಿತು, ನೆಂಟರ ಮನೆಯಲ್ಲಿ ಏಳು ವಾರ ಇದ್ದು ಮುಗಿಸಿದರು. ಹಿಂದಿನ ಅಂಕಿಗೇ ಬಂದಿದ್ದರೆ ಇನ್ನೂ ಒಳ್ಳೆಯದಿತ್ತು, ಯಾಕೆ ಬರಲಿಲ್ಲ ಎಂದು ಡಾಕ್ಟರು ಗದರಿದಾಗ, "ಬಸ್ಸು ತಪ್ಪಿತ್ತು" ಎಂದರಂತೆ. ಜೊತೆಗೆ ಹೋಗಿದ್ದ ಅಕ್ಕ ಇದನ್ನು ಹೇಳಿ ನಕ್ಕಳು. ನನಗೆ ನಗು ಬರಲಿಲ್ಲ. ಆ ಮೂರು ತಿಂಗಳು ಹಾಳೆ ಬರೆದು ಸುಮ್ಮನೆ ಕೂತವಳು ನಾನು.

ಪ್ರಕಾಶ ಪರದೆಯಾಚೆಯಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಎರಡು ದಿನ ನನ್ನೊಡನೆ ಮಾತಾಡಲಿಲ್ಲ. ಮೂರನೆಯ ದಿನ ಒಂದು ರಬ್ಬರ್ ಸ್ಟ್ಯಾಂಪ್ ಮಾಡಿಸಿ ತಂದ: 'ಹಿಂದಿನ ಅಂಕಿಗಳೊಂದಿಗೆ ಡಾಕ್ಟರಿಗೆ ತೋರಿಸಿ.' ಅದರ ಕೆಳಗೆ ಹಳೆಯ ಅಂಕಿಗಳನ್ನು ಸಾಲಾಗಿ ಬರೆಯುವ ಕೆಲಸ ನನ್ನದಾಯಿತು. ಆದರೂ ಕವರು ಕೊಡುವಾಗ ಬಾಯಲ್ಲೂ ಹೇಳುತ್ತಿದ್ದೆ. ಕಾಗದ ಎಷ್ಟು ಸ್ಪಷ್ಟವಾಗಿದ್ದರೂ ಅದನ್ನು ತಿರುಗಿಸಿ ಬಸ್ಸಿನ ವೇಳೆ ಬರೆದುಕೊಳ್ಳಬಹುದು. ಈ ಕೆಲಸ ನನಗೆ ಕಲಿಸಿದ್ದು ಅದು.

ರೇಡಿಯೇಶನ್ ಆದ ಮೇಲೆ ಅಂಕಿ 0.30ಕ್ಕೆ, ಆಮೇಲೆ 0.09ಕ್ಕೆ, ಆಮೇಲೆ 0.04ಕ್ಕೆ ಇಳಿಯಿತು. ನಾನು ಕೆಲಸ ಬಿಡುವ ಮುಂಚಿನ ಕೊನೆಯ ವರದಿ 0.06. ಅದಕ್ಕೆ ಹೆದರಬೇಕೋ ಬೇಡವೋ ಎಂಬುದು ಮುಂದಿನ ಅಂಕಿ ಬಾರದೆ ಗೊತ್ತಾಗುವಂತಿರಲಿಲ್ಲ. ಆ ಕವರನ್ನು ಬಸ್ಸಿಗೆ ಕೊಡಲಿಲ್ಲ. ಭಾವನೇ ಬಂದರು, ಮೂಲೆಯ ಕೊಡದಿಂದ ಎರಡು ಲೋಟ ನೀರು ಕುಡಿದು ಕುರ್ಚಿಯಲ್ಲಿ ಕೂತರು.

"ಮುಳ್ಳು ಎಲ್ಲಿದ್ದು, ತಂಗೀ?" ಎಂದು ನನ್ನ ಮುಖ ನೋಡಿಯೇ ಕೇಳಿದರು.

"ಚೂರು ಏರಿದ್ದು ಭಾವ" ಎಂದೆ.

"ಹಾಂಗಾದ್ರೆ ನಾಳೆ ಮೊದಲ ಬಸ್ಸಿಗೆ ಹೊರಡ್ತೆ" ಎಂದು ಎದ್ದರು.